ರಾಯಚೂರಿನ ಒಣ ಹವೆ

ಮಲ್ಕಾಜ್‌ಗಿರಿಯ ಆ ಓಣಿಯಲ್ಲಿ ಎಲ್ಲರ ಮನೆಯ ಮೇಲೂ ಒಂದೇ ಆಕಾಶ ಇತ್ತು, ಪ್ರಾಣೇಶರಾಯರ ಮನೆಯೊಂದನ್ನು ಬಿಟ್ಟು. ರಾಯರ ಮನೆಯ ಮೇಲಿದ್ದದ್ದು ರಾಯಚೂರಿನ ಆಕಾಶ. ಓಣಿಗೆಲ್ಲ ಮಳೆ ಬಂದರೂ ರಾಯರಿಗೆ ಬರುತ್ತಿರಲಿಲ್ಲ. ರಾಯಚೂರಿಗೆ ಮಳೆ ಎಂದು ರೇಡಿಯೋ ಹೇಳಿತೋ, ಹೈದರಾಬಾದಿನ ಉರಿಬಿಸಿಲಲ್ಲಿ ರೇನ್‌ಕೋಟು ತೊಟ್ಟು ತರಕಾರಿ ತರಲು ಹೊರಡುತ್ತಿದ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತಾರಲ್ಲ, ಆ ಎಡವಟ್ಟನ ಜೊತೆ ಸಂಸಾರ ಮಾಡಿ ಯಮುನಾಬಾಯಿಯ ತಲೆ ಅರ್ಧ ಬೆಳ್ಳಗಾಗಿತ್ತು.

ಇದರ ಮೂಲ ಐವತ್ತಾರನೆಯ ಇಸವಿಯಲ್ಲಿತ್ತು. ಹೈದರಾಬಾದ್ ರಾಜ್ಯ ಹೋಳಾಗಿ, ರಾಯಚೂರು ಅತ್ತ ಮೈಸೂರಿಗೆ ಹೋಗಿ, ಹೈದರಾಬಾದು ಇತ್ತ ಆಂಧ್ರಕ್ಕೆ ರಾಜಧಾನಿಯಾದಾಗ ಸರಕಾರಿ ನೌಕರರನ್ನು ಕೇಳಿದರು, ಯಾವ ಕಡೆ ಹೋಗುತ್ತೀರಿ ಅಂತ. ರಾಯರ ಗೆಳೆಯರು ಹೋಲ್ಡಾಲು ಸುತ್ತಿಕೊಂಡು ಹೊರಟರು. ರಾಯರಿಗೆ ಮಲ್ಕಾಜ್‌ಗಿರಿಯಲ್ಲಿ ಅಗ್ಗಕ್ಕೆ ಒಂದು ಸೈಟು ಸಿಕ್ಕಿತ್ತು. ಸೈಟು ಬಿಡಲು ಮನಸ್ಸಿಲ್ಲ, ಊರು ಬಿಟ್ಟೆ ಅನ್ನಲು ಮರ್ಯಾದೆ ಬಿಡದು. ಕಡೆಗೆ ಮೈಯನ್ನು ಆಂಧ್ರಕ್ಕೆ ಕೊಟ್ಟು ಹವೆಯನ್ನು ಮಾತ್ರ ರಾಯಚೂರಿನದೇ ಇಟ್ಟುಕೊಂಡರು. ಇಲ್ಲಿಯ ನೀರು ಕುಡಿದರು, ಇಲ್ಲಿಯ ಅಕ್ಕಿ ಉಂಡರು, ಇಲ್ಲಿಯ ಪೆನ್ಶನ್ನು ಎಣಿಸಿಕೊಂಡರು. ಇಲ್ಲಿ ಗಾಳಿ ಯಾವಾಗ ಬೀಸುತ್ತದೆ ಎಂದು ಇಲ್ಲಿಯವರು ಹೇಳಿದರೆ ಮಾತ್ರ ಕಿವಿ ಮುಚ್ಚಿಕೊಂಡರು.

ನಡುಮನೆಯ ಗೂಡಿನಲ್ಲಿ ಪೆಟ್ಟಿಗೆಯಂಥ ಹಳೇ ರೇಡಿಯೋ ಕೂತಿತ್ತು. ಅದರ ಮುಳ್ಳು ಗುಲ್ಬರ್ಗಾ ಸ್ಟೇಷನ್ನಿನ ಮೇಲೆ ನಿಂತು ಎಷ್ಟೋ ವರ್ಷವಾಗಿತ್ತು. ಮಗಳು ಸಿನಿಮಾ ಹಾಡಿಗಾಗಿ ತಿರುಗಿಸಿಯಾಳು ಎಂಬ ಹೆದರಿಕೆಗೆ ರಾಯರು ತಿರುಗಣೆಯ ಮೇಲೆ ಕೆಂಪು ಅರಗು ಹನಿಸಿ ಮುದ್ರೆ ಒತ್ತಿದ್ದರು, ಕಚೇರಿಯಲ್ಲಿ ಖಜಾನೆಗೆ ಹಾಕುವ ಹಾಗೆ. ದಿನಾ ಸ್ನಾನ ಸಂಧ್ಯಾವಂದನೆ ಮುಗಿಸಿ, ಗೊರಗೊರ ಸದ್ದಿನ ನಡುವೆ ಕನ್ನಡ ವಾರ್ತೆ ಕೇಳಿ, ಕೊನೆಗೆ ಬರುವ ಹವಾ ವರದಿಯನ್ನು ಗೇಟಿಗೆ ತೂಗುಹಾಕಿದ ಮರದ ಕರಿಹಲಗೆಯ ಮೇಲೆ ದುಂಡನೆಯ ಅಕ್ಷರದಲ್ಲಿ ಬರೆಯುತ್ತಿದ್ದರು. "ಉತ್ತರ ಒಳನಾಡು: ಒಣ ಹವೆ." ಆ ಓಣಿಯಲ್ಲಿ ಕನ್ನಡ ಓದುವವರು ಎರಡೇ ಮನೆ. ಓದು ಬಾರದ ಹಾಲಿನ ಯಾದಯ್ಯ ಅದು ಯಾವುದೋ ದೇವರ ಸ್ತೋತ್ರವೆಂದು ತಿಳಿದು, ಚಪ್ಪಲಿ ಬಿಟ್ಟು ಕೈಮುಗಿದು ಮುಂದೆ ಹೋಗುತ್ತಿದ್ದ. ರಾಯರು ಅದನ್ನು ಹವಾಮಾನಕ್ಕೆ ಸಂದ ಗೌರವವೆಂದು ಸ್ವೀಕರಿಸುತ್ತಿದ್ದರು.

ಒಮ್ಮೆ, ಒಂದೇ ಒಮ್ಮೆ, ಹಲಗೆಯ ಮೇಲೆ ಮಳೆ ಎಂದು ಬರೆದ ದಿನ ಮಲ್ಕಾಜ್‌ಗಿರಿಗೂ ಮಳೆ ಬಂದಿತ್ತು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಷ್ಟೆ. ಆದರೆ ರಾಯರು ಆ ಟೊಂಗೆಯನ್ನು ಇನ್ನೂ ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದರು. ಬಂದವರಿಗೆಲ್ಲ ಆ ಮಳೆಯ ಕಥೆ ಹೇಳಿಯೇ ಚಹಾ ಕೊಡಿಸುತ್ತಿದ್ದರು.

ಯಮುನಾಬಾಯಿ ಇದನ್ನೆಲ್ಲ ಸಹಿಸಿದ್ದಳು. ಹಗ್ಗದ ಮೇಲಿನ ಬಟ್ಟೆ ತೊಯ್ದವು, ಹಿಂಡಿ ಬೇರೆ ಕಡೆ ಹಾಕಿದಳು. ಮಾಳಿಗೆಯ ಮೇಲಿನ ಸಂಡಿಗೆ ಕರಗಿ ಗಂಜಿಯಾದವು, ಬಳಿದು ಯಾದಯ್ಯನ ಎಮ್ಮೆಗೆ ಹಾಕಿಸಿದಳು. ಗಂಡ ಎನ್ನುವ ಪ್ರಾಣಿಗೆ ಒಂದು ಚಟ ಇರಲೇಬೇಕು, ಎಲೆ ಅಡಿಕೆಗಿಂತ ಹವಾಮಾನ ವಾಸಿ ಎಂದು ಸುಮ್ಮನಿದ್ದಳು. ಆ ವರ್ಷದ ಬೇಸಿಗೆಯಲ್ಲಿ ಮಾತ್ರ ಸುಮ್ಮನಿರುವ ಹಾಗಿರಲಿಲ್ಲ. ಚೊಚ್ಚಲ ಬಾಣಂತನಕ್ಕೆ ಮಗಳು ನಲಿನಿ ತವರಿಗೆ ಬಂದಿದ್ದಳು, ಹೆಣ್ಣು ಕೂಸು ಹುಟ್ಟಿತ್ತು, ಮತ್ತು ಆ ಕೂಸು ತಗಡಿನ ಸೂರಿನ ಕೆಳಗೆ ಮಲಗಿತ್ತು.

ಅದೂ ರಾಯರದೇ ಕಾರಭಾರ. ಮಗಳು ಹೆತ್ತರೆ ತವರಿನವರಿಗೆ ಪುರುಡಿನ ಮೈಲಿಗೆ ಮೂರೇ ದಿನ, ಬಾಣಂತಿಗೆ ಹತ್ತು ದಿನ. ತಮ್ಮ ಮೂರು ಕಳೆದದ್ದೇ ರಾಯರು ಮನೆ ತೊಳೆಸಿ, ಸಾಲಿಗ್ರಾಮದ ಪೆಟ್ಟಿಗೆ ತೆರೆದು ಪೂಜೆ ಸುರು ಮಾಡಿದರು. ಮುಟ್ಟಬಾರದ ಬಾಣಂತಿಯೂ ಕೂಸೂ ದೇವರ ಸೂರಿನ ಕೆಳಗೆ ಬೇಡವೆಂದು ಮಾಳಿಗೆಯ ಮೇಲಿನ ತಗಡಿನ ಕೋಣೆಗೆ ಅಟ್ಟಿದರು. ಹಳೇ ಮಂಚ, ಮುರಿದ ಕುರ್ಚಿ ಇಡುತ್ತಿದ್ದ ಕೋಣೆ ಅದು. ತಗಡಿಗೆ ಬೋಲ್ಟು ಹಾಕಿಸಿರಿ ಎಂದು ಕೋಣೆ ಕಟ್ಟಿದ ಗೌಂಡಿ ಬಡಕೊಂಡಿದ್ದ. ತೂತು ಮಾಡಿದರೆ ಸೋರುತ್ತದೆ ಎಂದು ರಾಯರು ತಗಡಿನ ಮೇಲೆ ಸಾಲಾಗಿ ಕರಿಕಲ್ಲು ಹೇರಿಸಿದ್ದರು. ಮಳೆಯೇ ಬಾರದ ಮನೆಗೆ ಸೋರುವ ಭಯ ಎಲ್ಲಿಂದ ಬಂತೋ ದೇವರಿಗೇ ಗೊತ್ತು.

"ಕೂಸು ಬಾಣಂತಿ ತಗಡಿನ ಕೆಳಗ ಹ್ಯಾಂಗ ಇರಬೇಕ್ರಿ? ಕಾದ ಹಂಚಾಗ್ಯದ ಅದು," ಅಂದಿದ್ದಳು ಯಮುನಾಬಾಯಿ.

"ಬಾಣಂತಿಗೆ ಕಾವು ಬೇಕು. ನಿಮ್ಮವ್ವ ನಿನಗ ಇದ್ದಲಿ ಹಾಕಿ ಕಾಸಿದ್ದಿಲ್ಲೇನು? ಇಲ್ಲೆ ಪುಕ್ಕಟ ಸೂರ್ಯನಾರಾಯಣ ಕಾಸಲಿಕ್ಕೆ ಹತ್ಯಾನ."

"ಗಾಳಿ ಮಳಿ ಬಂದ್ರ?"

"ಹಲಗಿ ನೋಡು," ಅಂದರು ರಾಯರು. ಅವರ ಪ್ರಕಾರ ಅಲ್ಲಿಗೆ ಮಾತು ಮುಗಿಯಿತು.

ಮೊಮ್ಮಗಳ ಮುಖವನ್ನು ರಾಯರು ಇನ್ನೂ ನೋಡಿರಲಿಲ್ಲ. ಪುರುಡು ಕಳೆಯಲಿ ಎಂದಿದ್ದರು. ಯಮುನಾಬಾಯಿ ಬಾಣಂತಿಯ ಚಾಕರಿ ಮಾಡಿ, ಮಡಿ ಕೆಟ್ಟು, ತಣ್ಣೀರು ಸುರುವಿಕೊಂಡು, ಅಡಿಗೆ ಮಾಡಿ, ಮತ್ತೆ ಮೆಟ್ಟಿಲು ಹತ್ತಿ ದಿನಕ್ಕೆ ಎಷ್ಟು ಸಲ ಮೇಲೆ ಕೆಳಗೆ ಮಾಡುತ್ತಿದ್ದಳೋ ಲೆಕ್ಕವಿಲ್ಲ. ಕೂಸಿನ ತಲೆ ದುಂಡಗೆ ಬರಲೆಂದು ಸಾಸಿವೆ ತುಂಬಿದ ಪುಟ್ಟ ದಿಂಬನ್ನು ತಾನೇ ಹೊಲಿದಿದ್ದಳು.

ಪುರುಡು ಮುಗಿಯಲು ಇನ್ನು ಸ್ವಲ್ಪವೇ ಉಳಿದಿದ್ದ ಒಂದು ದಿನ ಬೆಳಿಗ್ಗೆಯಿಂದಲೇ ಗಾಳಿ ಸತ್ತುಹೋಯಿತು. ಬೇವಿನ ಎಲೆ ಅಲುಗಲಿಲ್ಲ. ಪಡುವಣದ ಅಂಚಿನಲ್ಲಿ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಗೇಟಿನ ಹಲಗೆ ಮಾತ್ರ "ಒಣ ಹವೆ, ಆಕಾಶ ನಿರ್ಮಲ" ಎನ್ನುತ್ತಿತ್ತು. ಯಮುನಾಬಾಯಿ ಹಲಗೆ ನೋಡಿದಳು, ತಗಡಿನ ಮೇಲಿನ ಕಲ್ಲು ನೋಡಿದಳು. ಸಂಜೆ ಏನಾಗುತ್ತದೆ ಎಂದು ಯಾರಾದರೂ ಒಬ್ಬ ಖರೇ ಹೇಳುವವನು ಬೇಕಿತ್ತು ಅವಳಿಗೆ, ಅಷ್ಟೆ. ಇಷ್ಟು ದೊಡ್ಡ ರಾಜಧಾನಿಯಲ್ಲಿ ಅಂಥವನು ಸಿಗುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು.

ಬಾಣಂತಿಗೆ ಎರೆಯಲು ಬರುವ ಸೂಗಮ್ಮ ಬಿಸಿನೀರಿನ ಕೊಡ ಇಳಿಸಿ ಹೇಳಿದಳು, "ಗುಬ್ಬಿ ಮಣ್ಣಾಗ ಹೊಳ್ಳಾಡಿದ್ವು ಬಾಯಾರ. ಮಳಿ ಬರತೈತಿ."

"ನಿನ್ನ ಗುಬ್ಬಿ ಸಂಕ್ರಾಂತಿಯಾಗೂ ಹೊಳ್ಳಾಡಿದ್ವು. ಆವಾಗ ಏನ್ ಬಂತು?"

"ಆವಾಗ ಅವಕ್ಕ ತುರಿಕಿ ಇತ್ತೇನೋ."

ಗುಬ್ಬಿಯ ತುರಿಕೆಯನ್ನು ನಂಬಿ ಕೂಸನ್ನು ಸಾಕುವ ಹಾಗಿಲ್ಲ. ಪಂಚಾಂಗ ತೆಗೆದಳು. ಅದರಲ್ಲಿ ಆ ವರ್ಷ ಭರಣಿ ಮಳೆಗೆ ಕತ್ತೆ ವಾಹನ ಎಂದಿತ್ತು, ಆದ್ದರಿಂದ ಮಳೆ ಇಲ್ಲವಂತೆ. ಕತ್ತೆ ಯಾವುದು ಎಂದು ಯಮುನಾಬಾಯಿಗೆ ಪಂಚಾಂಗ ಹೇಳಬೇಕಾಗಿರಲಿಲ್ಲ. ಪತ್ರಿಕೆ ನೋಡಿದಳು. ರಾಯರು ತರಿಸುವ ಕನ್ನಡ ಪತ್ರಿಕೆ ರೈಲಿನಲ್ಲಿ ಬಂದು ಒಂದು ದಿನ ತಡವಾಗಿ ಮನೆ ಸೇರುತ್ತಿತ್ತು. ನಿನ್ನೆ ಮಳೆ ಬರಬಹುದು ಎಂದು ಇವತ್ತು ಹೇಳುವ ಘನಕಾರ್ಯ ಅದರದು. ಅದೂ "ಕೆಲವೆಡೆ". ಈ ಕೆಲವೆಡೆ ಎನ್ನುವ ಊರು ಎಲ್ಲಿದೆಯೋ, ಅದಕ್ಕೆ ಯಾವ ಬಸ್ಸು ಹೋಗುತ್ತದೋ.

ಪಕ್ಕದ ಮನೆಯ ವೀರಭದ್ರಪ್ಪ ರೈಲ್ವೆಯಲ್ಲಿದ್ದ. ಓಣಿಯಲ್ಲಿ ಕನ್ನಡ ಓದುವ ಎರಡನೆಯ ಮನೆ ಅದೇ. ಡ್ಯೂಟಿಗೆ ಹೊರಟು ಬೈತಲೆ ತೀಡುತ್ತಿದ್ದವನನ್ನು ಯಮುನಾಬಾಯಿ ಗೋಡೆಯ ಈಚೆಯಿಂದ ಹಿಡಿದಳು.

"ವೀರಭದ್ರಪ್ಪಾರ, ನಿಮ್ಮ ರೈಲಿನವರಿಗೆ ಗಾಳಿ ಮಳಿ ಖಬರ್ ಏನರ ಬಂದದೇನ್ರಿ?"

"ಬಂದೈತ್ರಿ ಬಾಯಾರ. ಸಂಜಿಮುಂದ ಭಾಳ ಜೋರ ಗಾಳಿ ಅಂತ ಹೇಳ್ಯಾರ. ಆದರ ಅದು ಗಾಡಿಗೋಳಿಗೆ ರೀ. ಮನಿಗೋಳಿಗಲ್ಲ."

"ಅಂದ್ರ ಗಾಳಿ ಟಿಕೀಟ ತಗೊಂಡು ಹಳಿ ಮ್ಯಾಲೆ ಅಷ್ಟ ಹೋಗತದೇನು?"

ವೀರಭದ್ರಪ್ಪ ಬಾಚಣಿಗೆಯನ್ನು ಜೇಬಿಗೆ ಸೇರಿಸಿ, ಆಚೀಚೆ ನೋಡಿ, ದನಿ ಇಳಿಸಿದ. "ಅದು ನನಗ ಗೊತ್ತಿಲ್ರಿ. ಡಿಪಾರ್ಟ್‌ಮೆಂಟಿನ ಮಾತು ಹೊರಗ ಆಡಬಾರದು. ನೀವು ಕೇಳಿದ್ರಿ ಅಂತ ಹೇಳೀನಿ. ನಾ ಹೇಳೀನಿ ಅಂತ ಯಾರ ಮುಂದೂ ಅನಬ್ಯಾಡ್ರಿ."

ಗಾಳಿ ಬೀಸುವುದೂ ಒಂದು ಸರಕಾರಿ ಗುಟ್ಟು. ಥೂ ಎನ್ನಬೇಕೆನಿಸಿತು ಯಮುನಾಬಾಯಿಗೆ. ಅವನು ಸೈಕಲ್ ಏರಿದ ಮೇಲೆ ಅವನ ಹೆಂಡತಿ ಶಿವದೇವಿ ಗೋಡೆಯ ಹತ್ತಿರ ಬಂದಳು. "ಅವರನ್ನೇನ ಕೇಳ್ತೀರಿ ಅಕ್ಕಾರ. ಹೈದರಾಬಾದ್ ಸ್ಟೇಷನ್ ಹಚ್ಚಿ ಕೇಳ್ರಿ. ಮಧ್ಯಾಹ್ನ ತೆಲುಗು ವಾರ್ತೆ ಆದ ಮ್ಯಾಲೆ ಈ ಊರಿಂದ ಈ ಊರಿಗೇ ಹೇಳ್ತಾರ. ನಮ್ಮ ಟ್ರಾನ್ಸಿಸ್ಟರಿನ ಸೆಲ್ ಹೋಗ್ಯಾವು, ಇಲ್ಲಂದ್ರ ಇಲ್ಲೇ ಕೇಳಬಹುದಿತ್ತು."

ಈ ಊರಿಂದ ಈ ಊರಿಗೇ. ಯಮುನಾಬಾಯಿ ಮನೆಗೆ ಬಂದಳು. ರಾಯರು ಉಂಡು, ಪಂಚೆಯನ್ನು ಮುಖದ ಮೇಲೆಳೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ಅವಳು ಎಲೆ ಅಡಿಕೆಯ ತಟ್ಟೆಯಿಂದ ಅಡಕೊತ್ತು ತೆಗೆದುಕೊಂಡು ರೇಡಿಯೋದ ಮುಂದೆ ನಿಂತಳು. ಕೈ ಒಂದು ಗಳಿಗೆ ತಡೆಯಿತು, ಸುಳ್ಳೇಕೆ. ಅರಗಿನ ಮೇಲೆ ಗಂಡನ ಕಚೇರಿಯ ಮುದ್ರೆ ಅವಳನ್ನೇ ನೋಡುತ್ತಿತ್ತು. ಮೇಲಿನಿಂದ ಕೂಸು ಅತ್ತಿತು. ಅಡಕೊತ್ತಿನ ತುದಿಯಿಂದ ಒಂದು ಮೀಟು ಮೀಟಿದಳು. ಅರಗು ಚೂರಾಗಿ ನೆಲಕ್ಕೆ ಉದುರಿತು.

ಮುಳ್ಳು ಗುಲ್ಬರ್ಗಾ ಬಿಟ್ಟು ಹೊರಟಿತು. ಒಂದು ಹಿಂದಿ ಹಾಡು ದಾಟಿತು, ಯಾರದೋ ಭಾಷಣ ದಾಟಿತು, ಆಮೇಲೆ ಗೊರಗೊರ ಇಲ್ಲದೆ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹೆಂಗಸೊಬ್ಬಳ ತೆಲುಗು ದನಿ ಬಂತು. ಬದನೆಕಾಯಿ ಚೌಕಾಸಿ ಮಾಡಿ ಕಲಿತ ತೆಲುಗು ಯಮುನಾಬಾಯಿಗೆ ಸಾಕಾಯಿತು. ಇವತ್ತು ಸಂಜೆ ಹೈದರಾಬಾದಿನಲ್ಲೂ ಸುತ್ತಲಿನ ಜಿಲ್ಲೆಗಳಲ್ಲೂ ಸಿಡಿಲಿನೊಂದಿಗೆ ಬಿರುಗಾಳಿ, ಆಲಿಕಲ್ಲು. ಮರದ ಕೆಳಗೆ, ತಗಡಿನ ಸೂರಿನ ಕೆಳಗೆ ಯಾರೂ ಇರಬೇಡಿ. ಎರಡು ಸಲ ಹೇಳಿದರು.

ಇಷ್ಟೇ ಇತ್ತು. ಊರಿನ ಸುದ್ದಿ ಊರಲ್ಲೇ, ತನ್ನ ನಡುಮನೆಯ ಗೂಡಿನಲ್ಲೇ ಇಷ್ಟು ವರ್ಷ ಕೂತಿತ್ತು. ಒಂದು ಹನಿ ಅರಗು ಅದರ ಬಾಯಿ ಮುಚ್ಚಿತ್ತು. ಯಮುನಾಬಾಯಿಗೆ ಮೈಯೆಲ್ಲ ಉರಿದುಹೋಯಿತು. ಗಂಡನ ಮೇಲೆ ಎಷ್ಟು ಸಿಟ್ಟು ಬಂತೋ, ಆ ಅರಗಿಗೆ ಹೆದರಿ ಸಂಡಿಗೆ ಬಳಿಯುತ್ತ ಕೂತ ತನ್ನ ಮೇಲೂ ಅಷ್ಟೇ ಬಂತು.

ತೆಲುಗು ದನಿಗೆ ರಾಯರು ಎದ್ದು ಕೂತರು. "ಯಾರದು ಮನಿಯಾಗ?"

"ಹವಾ ಹೇಳೋರು. ಸಂಜಿಗೆ ಬಿರುಗಾಳಿ ಅದಂತ. ತಗಡಿನ ಕೆಳಗ ಇರಬ್ಯಾಡ್ರಿ ಅಂದ್ರು. ನಲಿನೀನ್ನ ಕೆಳಗ ಕರಕೊಂಡು ಬರ್ತೀನಿ."

ರಾಯರ ಕಣ್ಣು ರೇಡಿಯೋದ ಮೇಲೆ, ಆಮೇಲೆ ನೆಲದ ಮೇಲಿನ ಕೆಂಪು ಚೂರುಗಳ ಮೇಲೆ ಬಿತ್ತು. ಬಿರುಗಾಳಿ ಅವರ ಕಿವಿಗೆ ಬಿದ್ದಿರಲೇ ಇಲ್ಲ. "ಸೀಲು ಒಡದಿ? ಕಚೇರಿಯಾಗ ಆಗಿದ್ರ ನಿನ್ನ ಸಸ್ಪೆಂಡ್ ಮಾಡ್ತಿದ್ದೆ."

"ಮಾಡ್ರಿ. ಆರ್ಡರ್ ಬರೋದರೊಳಗ ಕೂಸಿನ್ನ ಕೆಳಗ ತರತೀನಿ."

"ಅದು ತೆಲುಗರ ಹವಾ. ನಮಗ ಸಂಬಂಧ ಇಲ್ಲ. ಮುಂಜಾನೆ ನಮ್ಮ ರೇಡಿಯೋ ಏನ್ ಹೇಳ್ತು? ಒಣ ಹವೆ."

"ಗಾಳಿ ಬಂದು ಮೊದಲ ನಿಮ್ಮ ಮಾತೃಭಾಷಾ ಯಾವುದು ಅಂತ ಕೇಳಿ ಆಮ್ಯಾಲೆ ತಗಡು ಹಾರಸ್ತದೇನ್ರಿ?"

ವಾದ ಸೋಲುವಾಗ ರಾಯರು ದೇವರನ್ನು ಕರೆತರುತ್ತಿದ್ದರು. "ಪುರುಡಿನ ಬಾಣಂತಿ ಕೆಳಗ ಬಂದ್ರ ಈ ಮನಿಯಾಗ ದೇವರು ಇರಂಗಿಲ್ಲ."

"ಎಲ್ಲಿ ಹೋಗ್ತಾರ?"

"ನಾನು ಪೆಟಗಿ ತಗೊಂಡು ಮ್ಯಾಲೆ ಹೋಗ್ತೀನಿ. ದೇವರು ಇರೋ ಕಡೆ ನಾ ಇರ್ತೀನಿ."

ಯಮುನಾಬಾಯಿ ಮೆಟ್ಟಿಲು ಹತ್ತಿಯಾಗಿತ್ತು. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡಳು. ಸೂಗಮ್ಮ ನಲಿನಿಯ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದಳು.

"ಅವ್ವಾ, ಅಪ್ಪ ಸಿಟ್ಟಾಗ್ತಾರ," ಅಂದಳು ನಲಿನಿ.

"ಆಗಲಿ. ಅವರ ಸಿಟ್ಟಿಗೆ ಆಲಿಕಲ್ಲು ಬೀಳಂಗಿಲ್ಲ."

"ಕೂಸಿನ ದಿಂಬು ಮ್ಯಾಲೇ ಉಳೀತು."

"ಇರಲಿ. ತಲಿ ಇದ್ರ ದಿಂಬು ನೂರು ಹೊಲೀತೀನಿ."

ಬಾಣಂತಿ ನಡುಮನೆಗೆ ಕಾಲಿಟ್ಟದ್ದೇ ರಾಯರು ಸಾಲಿಗ್ರಾಮದ ಪೆಟ್ಟಿಗೆ ಎದೆಗಿಟ್ಟುಕೊಂಡು, ಒಂದು ಚೊಂಬು ಗೋಮೂತ್ರ ಹಿಡಿದು, ಹಿತ್ತಿಲ ಕಡೆಯಿಂದ ಸುತ್ತಿ ಮೇಲೇರಿದರು. ಹೋಗುವಾಗ ಮುಳ್ಳನ್ನು ಮತ್ತೆ ಗುಲ್ಬರ್ಗಾಕ್ಕೆ ತಿರುಗಿಸಿ ಹೋಗುವುದನ್ನು ಮರೆಯಲಿಲ್ಲ. ಮಧ್ಯಾಹ್ನದ ತನಕ ಯಾವ ಕೋಣೆ ಮೈಲಿಗೆಯಾಗಿತ್ತೋ ಅದು ಆ ಒಂದು ಚೊಂಬಿನಿಂದ ವೈಕುಂಠವಾಯಿತು. ಅದೇ ಚೊಂಬನ್ನು ಕೆಳಗೆ ಚಿಮುಕಿಸಿ ಮಗಳನ್ನು ಮೊದಲೇ ಕೆಳಗಿಟ್ಟುಕೊಳ್ಳಬಹುದಿತ್ತಲ್ಲ ಎಂದು ಯಮುನಾಬಾಯಿ ಕೇಳಲಿಲ್ಲ. ಕೇಳಿದರೆ ಅದಕ್ಕೂ ಒಂದು ಶಾಸ್ತ್ರ ಬರುತ್ತಿತ್ತು. ಮೆಟ್ಟಿಲ ಬುಡದಲ್ಲಿ ನಿಂತು ಒಂದೇ ಮಾತು ಕೂಗಿದಳು, "ತಗಡಿನ ಮ್ಯಾಲೆ ಕಲ್ಲು ಅವ ರೀ. ಬ್ಯಾಡ, ಇಳಿದು ಬರ್ರಿ. ಶಿವದೇವಿ ಮನಿಯಾಗರ ಕೂಡ್ರಿ."

"ಒಣ ಹವೆ," ಎಂದು ಮೇಲಿನಿಂದ ಉತ್ತರ ಬಂತು.

ಸಂಜೆಯ ದೀಪ ಹಚ್ಚುವ ಹೊತ್ತಿಗೆ ಪಡುವಣದಿಂದ ಕೆಂಪು ಧೂಳಿನ ಗೋಡೆಯೊಂದು ಎದ್ದು ಬಂತು. ಮೊದಲು ಓಣಿಯ ಕರೆಂಟು ಹೋಯಿತು. ಆಮೇಲೆ ಬೇವಿನ ಮರ ಅರ್ಧಕ್ಕೆ ಬಾಗಿತು. ಸಿಡಿಲಿನ ಹಿಂದೆಯೇ ಆಲಿಕಲ್ಲು ಸುರಿಯತೊಡಗಿತು. ಮೇಲೆ ತಗಡುಗಳು ಕರ್ರೆಂದು ಎದ್ದು ಬಡಿದ ಸದ್ದು, ಅದರ ಹಿಂದೆ ಕಲ್ಲು ಉರುಳಿ ದೊಪ್ಪೆಂದು ಬಿದ್ದ ಸದ್ದು. ಒಂದು, ಇನ್ನೊಂದು. ನಲಿನಿ ಕೂಸನ್ನು ಅವಚಿಕೊಂಡು "ಅಪ್ಪಾ" ಎಂದು ಕೂಗಿದಳು. ಮೇಲಿನಿಂದ ಒಣ ಹವೆ ಎಂಬ ಉತ್ತರ ಬರಲಿಲ್ಲ. ಏನೂ ಬರಲಿಲ್ಲ.

ಇಷ್ಟು ಹೊತ್ತು ಗಂಡನನ್ನು ಮನಸ್ಸಿನಲ್ಲೇ ಹುರಿದು ತಿನ್ನುತ್ತಿದ್ದ ಯಮುನಾಬಾಯಿಯ ಜೀವ ಬಾಯಿಗೆ ಬಂತು. ಕುಂಕುಮ ನೆನಪಾಯಿತು. ಮೂರ್ಖನಾದರೂ ತನ್ನವನು. ಕೊಡೆ ಹಿಡಿದರೆ ಗಾಳಿ ಕಸಿದುಕೊಂಡು ಹೋಗುತ್ತದೆ. ಗೇಟಿಗೆ ಓಡಿ, ತೂಗಾಡುತ್ತಿದ್ದ ಮರದ ಹಲಗೆಯನ್ನು ಕಿತ್ತುಕೊಂಡು ತಲೆಯ ಮೇಲೆ ಹಿಡಿದು ಮೆಟ್ಟಿಲು ಹತ್ತಿದಳು. "ಒಣ ಹವೆ, ಆಕಾಶ ನಿರ್ಮಲ" ಎಂದು ಬರೆದ ಹಲಗೆಯ ಮೇಲೆ ಆಲಿಕಲ್ಲು ಟಪಟಪ ಬಡಿಯಿತು. ಇಷ್ಟು ವರ್ಷದಲ್ಲಿ ಆ ಹಲಗೆ ಒಬ್ಬರಿಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಕೋಣೆಗೆ ಅರ್ಧ ಸೂರು ಇರಲಿಲ್ಲ. ರಾಯರು ಕಬ್ಬಿಣದ ಮಂಚದ ಕೆಳಗೆ, ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿಕೊಂಡು ಮುದುಡಿ ಮಲಗಿದ್ದರು. ಗಾಯವಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು. ಮಂಚದ ಮೇಲೆ ಒರಳುಗುಂಡಿನಂಥ ಕರಿಕಲ್ಲೊಂದು ಬಿದ್ದಿತ್ತು. ಅದರ ಕೆಳಗೆ ಕೂಸಿನ ದಿಂಬು ಒಡೆದು, ಸಾಸಿವೆ ಹಾಸಿಗೆಯ ತುಂಬ ಚೆಲ್ಲಿ, ಆಲಿಕಲ್ಲಿನ ನಡುವೆ ಕರ್ರಗೆ ಹರಡಿತ್ತು. ಯಮುನಾಬಾಯಿ ಅದನ್ನು ನೋಡಿದಳು. ಮಂಚದ ಕೆಳಗಿನಿಂದ ಹೊರಬಂದ ರಾಯರೂ ನೋಡಿದರು. ಒಂದೇ ಹಲಗೆಯ ಕೆಳಗೆ ಇಬ್ಬರೂ ತಲೆ ತೂರಿಸಿ ಇಳಿದು ಬಂದರು.

ಮನೆಯಲ್ಲಿ ಬೆಚ್ಚಗಿದ್ದದ್ದು ಬಾಣಂತಿಗೆ ಇಟ್ಟಿದ್ದ ಅಗ್ಗಿಷ್ಟಿಗೆಯ ಹತ್ತಿರ ಮಾತ್ರ. ರಾಯರಿಗೆ ಒಣಗಿದ ಧೋತರ ಕೊಟ್ಟು, ಕಂಬಳಿ ಹೊದಿಸಿ, ಯಮುನಾಬಾಯಿ ಅಲ್ಲೇ ಕೂಡಿಸಿದಳು. ಪುರುಡು ಗಿರುಡು ಎನ್ನಲು ಅವರಿಗೆ ತ್ರಾಣ ಇರಲಿಲ್ಲ. ಪಕ್ಕದಲ್ಲೇ ಕೂಸು ಮಲಗಿತ್ತು. ರಾಯರು ಮೊದಲ ಸಲ ಮೊಮ್ಮಗಳ ಮುಖ ನೋಡಿದರು. ಅದರ ತಲೆಯ ನಡುವೆ, ಇನ್ನೂ ಮೆತ್ತಗಿರುವ ಜಾಗದಲ್ಲಿ, ಚರ್ಮ ಮೆಲ್ಲಗೆ ಮಿಡಿಯುತ್ತಿತ್ತು. ಅದನ್ನೇ ನೋಡುತ್ತ ರಾಯರು ಬಹಳ ಹೊತ್ತು ಕೂತರು. ಕಣ್ಣಲ್ಲಿ ನೀರು ಇದ್ದ ಹಾಗಿತ್ತು. ಯಮುನಾಬಾಯಿಗೆ ಅವರ ಮೇಲೆ ಕರುಣೆ ಬಂತು. ಹೋಗಲಿ, ದೇವರು ಸೂರು ತಗೊಂಡು ಬುದ್ಧಿ ಕೊಟ್ಟ, ಅಗ್ಗದ ವ್ಯಾಪಾರವೇ ಆಯಿತು ಎಂದುಕೊಂಡಳು.

ಬೆಳಿಗ್ಗೆ ಅಳಿಯ ವಾಸುದೇವ ಹೆಸರಿಡುವ ಕಾರ್ಯಕ್ಕೆಂದು ರಾಯಚೂರಿನಿಂದ ರೈಲಿಗೆ ಬಂದ. ಸ್ಟೇಷನ್ನಿನಿಂದ ಮನೆಯ ತನಕ ಬಿದ್ದ ಮರ, ಹರಿದ ತಂತಿ ದಾಟಿಕೊಂಡು ಬಂದವನು, ಮಾವನ ಮನೆಯ ತಗಡು ವೀರಭದ್ರಪ್ಪನ ಅಂಗಳದಲ್ಲಿ ಬಿದ್ದದ್ದನ್ನು ನೋಡಿ ಬಾಗಿಲಲ್ಲೇ ನಿಂತ.

"ಏನ್ರಿ ಅತ್ತಿಯವರ ಇದು? ಎಲ್ಲಾರೂ ಆರಾಮ ಇದ್ದೀರಿಲ್ಲೋ?"

"ಅದೀವಪ್ಪ. ಒಳಗ ಬಾ."

"ಹಿಂಗ ಅಂತ ಕಲ್ಪನಾನೇ ಇದ್ದಿದ್ದಿಲ್ಲ ನೋಡ್ರಿ. ನಮ್ಮ ರಾಯಚೂರಾಗ ನಿನ್ನೆ ಒಂದ ಹನೀನೂ ಬಿದ್ದಿಲ್ಲ. ಚಂದ ಬಿಸಲು."

ಕಂಬಳಿ ಅಲುಗಿತು. ರಾತ್ರಿಯಿಂದ ತುಟಿ ಬಿಚ್ಚದೆ ಕೂತಿದ್ದ ರಾಯರು ಮೆಲ್ಲಗೆ ತಲೆ ಎತ್ತಿದರು. ಮುಖಕ್ಕೆ ರಕ್ತ ಬಂತು, ಬೆನ್ನು ನೆಟ್ಟಗಾಯಿತು.

"ಒಂದ ಹನೀನೂ ಇಲ್ಲ?"

"ಇಲ್ರಿ ಮಾವನವರ."

"ಆಕಾಶ?"

"ಸ್ವಚ್ಛ ಇತ್ರಿ."

ರಾಯರು ಕಂಬಳಿ ಕೊಡವಿ ಎದ್ದು ಕೂತರು. "ಕೇಳಿದ್ಯಾ ಯಮುನಾ? ಒಣ ಹವೆ, ಆಕಾಶ ನಿರ್ಮಲ. ನಾ ಬರದಿದ್ದು ಬರೋಬರಿ ಇತ್ತೋ ಇಲ್ಲೋ? ಸುಮ್ಮನ ಸೀಲು ಒಡದಿ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ರಾತ್ರಿ ಬಂದಿದ್ದ ಕರುಣೆಯನ್ನು ನೆನೆದು ಯಮುನಾಬಾಯಿಗೆ ನಾಚಿಕೆಯಾಯಿತು. ಮಾಳಿಗೆಗೆ ಹೋದಳು. ಇಳಿದು ಬರುವಾಗ ಸೆರಗಿನಲ್ಲಿ ಭಾರದ್ದೇನೋ ಇತ್ತು, ಹೆಜ್ಜೆ ಓರೆಯಾಗುತ್ತಿತ್ತು. ನೇರ ರಾಯರ ಮುಂದೆ ಬಂದು ಅದನ್ನು ಅವರ ಮಡಿಲಿಗೆ ಇಳಿಸಿದಳು. ಕರಿಕಲ್ಲು. ಅದರ ಒರಟು ಮೈಗೆ ತೊಯ್ದ ಸಾಸಿವೆ ಕಾಳು ಇನ್ನೂ ಮೆತ್ತಿಕೊಂಡಿದ್ದವು.

"ಇದೇನು?" ಅಂದ ವಾಸುದೇವ.

"ನಿಮ್ಮ ಮಾವನವರ ಒಣ ಹವೆ. ಕೂಸಿನ ದಿಂಬಿನ ಮ್ಯಾಲೆ ಬಿದ್ದಿತ್ತು."

ವಾಸುದೇವ ಕಲ್ಲನ್ನು ನೋಡಿದ, ಆಮೇಲೆ ಹೆಂಡತಿಯ ತೊಡೆಯ ಮೇಲಿದ್ದ ಮಗಳನ್ನು ನೋಡಿದ. ಕೈಯಲ್ಲಿದ್ದ ಪೇಡೆಯ ಪೊಟ್ಟಣವನ್ನು ಕೆಳಗಿಟ್ಟ. ಮಾವನ ಕಡೆ ತಿರುಗಲಿಲ್ಲ. ಕಲ್ಲು ರಾಯರ ತೊಡೆಯ ಮೇಲೆ ಭಾರವಾಗಿ ಕೂತಿತ್ತು. ಎರಡೂ ಕೈಯಿಂದ ಎತ್ತಿ ನೋಡಿದರು, ಇಡಲು ಜಾಗ ಕಾಣದೆ ಮತ್ತೆ ತೊಡೆಯ ಮೇಲೇ ಇಟ್ಟುಕೊಂಡರು.

ಯಮುನಾಬಾಯಿ ರೇಡಿಯೋದ ಹತ್ತಿರ ಹೋಗಿ, ಕರೆಂಟು ಇನ್ನೂ ಬಂದಿರದಿದ್ದರೂ ಮುಳ್ಳನ್ನು ಹೈದರಾಬಾದಿಗೆ ತಿರುಗಿಸಿದಳು. ರಾಯರು ನೋಡುತ್ತಲೇ ಇದ್ದರು, ಬೇಡವೆನ್ನಲಿಲ್ಲ.